ಕೆಂಪು ಗೆರೆ ಎಳೆದ ಸಾಲುಗಳು

ಊರಿಗಾಂ
4 ಆಗಸ್ಟ್ 2024

ಚಿರಂಜೀವಿ ಶಶಿರೇಖಳಿಗೆ ನಿನ್ನ ಪುಷ್ಪ ಟೀಚರ್ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ನೀನು ಅಂದದ್ದು ನನಗೆ ಕೇಳುವುದಿಲ್ಲ, ನಾನು ಅಂದದ್ದು ನಮ್ಮ ಲೈನಿನ ಅಷ್ಟೂ ಮನೆಗಳಿಗೆ ಕೇಳುತ್ತದೆ. ಎಪ್ಪತ್ತೊಂದು ವರ್ಷದ ಕಿವಿ ಇಷ್ಟು ದಿನ ಬಾಳಿದ್ದೇ ಹೆಚ್ಚು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನೂ ಬರೆಯಬೇಕು. ಎಂಟನೇ ಕ್ಲಾಸಿನಲ್ಲಿ ನಿನ್ನಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿರಲಿಲ್ಲ.

ಇದರ ಜೊತೆ ಒಂದು ಪುಸ್ತಕ ಕಳಿಸಿದ್ದೇನೆ. ಹೆಸರು 'ನಾನೇ ಮೊದಲು, ನಾನೇ ಕೊನೆ'. ಯಾರೋ ಪರದೇಶದವನು ಬರೆದದ್ದು, ಕನ್ನಡಕ್ಕೆ ಬಂದಿದೆ. ಮನುಷ್ಯ ತನ್ನನ್ನು ಬಿಟ್ಟು ಬೇರೆ ಯಾರನ್ನೂ ನೋಡಬಾರದು, ಕರುಣೆ ಅನ್ನುವುದೊಂದು ರೋಗ, ಹೀಗೇ ಮುನ್ನೂರು ಪುಟ. ನಮ್ಮ ಭಾನುವಾರದ ಓದುಗರ ಕೂಟದಲ್ಲಿ ಇದರಿಂದ ದೊಡ್ಡ ಜಗಳವೇ ಆಯಿತು. ಜೆರಾಕ್ಸ್ ಅಂಗಡಿಯ ಸುಮಿತಾ ಇದನ್ನು ಎರಡು ಸಲ ಓದಿದ್ದಾಳಂತೆ. "ಬಂದೋರಿಗೆಲ್ಲ ಬಿಟ್ಟಿ ಅರ್ಜಿ ತುಂಬಿಕೊಡೋದು ನಿಲ್ಲಿಸ್ಬಿಟ್ಟೆ ಟೀಚರ್, ಈಗ ನೆಮ್ಮದಿಯಾಗಿದೀನಿ" ಅಂದಳು. ಚಾಂಪಿಯನ್ ರೀಫ್ಸ್‌ನ ಕೋದಂಡಪ್ಪ ನಿನಗೆ ನೆನಪಿರಬಹುದು, ಚಿನ್ನದ ಗಣಿಯೊಳಕ್ಕೆ ಜನರನ್ನು ಕೇಜಿನ ಗೂಡಿನಲ್ಲಿ ಇಳಿಸುವ ಎಂಜಿನ್ ನಡೆಸುತ್ತಿದ್ದವರು. ಆರು ಪುಟ ಓದಿ ಪುಸ್ತಕ ಮಡಚಿದರು. "ಇವ್ನು ಒಂದ್ ದಿವ್ಸ ಕೇಜಲ್ಲಿ ನಿಂತ್ಕಂಡು ಕೆಳಕ್ ಓಗಿದ್ರೆ ಇಂಗೆ ಬರೀತಿರ್ಲಿಲ್ಲ ಕಣಮ್ಮ. ಮೇಲಿರೋನು ಇಡ್ಕಂಡವ್ನೆ ಅನ್ನೋ ನಂಬ್ಕೆ ಮೇಲೆ ಕೆಳಗಿರೋನು ಉಸ್ರಾಡ್ತಾನೆ" ಅಂದು ಪುಸ್ತಕವನ್ನು ಕುಂಟುತ್ತಿದ್ದ ಬೆಂಚಿನ ಕಾಲಿನಡಿಗೆ ಆಸರೆ ಕೊಟ್ಟರು. ಅಲ್ಲಿಂದ ಎತ್ತಿಕೊಂಡು ಬಂದು ನಾನು ಪೂರ್ತಿ ಓದಿದೆ.

ಅಲ್ಲಲ್ಲಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ನಿನಗೆ ನಾನು ಹೇಳಬೇಕಾದ್ದಿಲ್ಲ, ನೋಡಿದರೆ ತಿಳಿಯುತ್ತದೆ. ಓದಿ ನಿನ್ನ ಅಭಿಪ್ರಾಯ ಬರಿ, ಕೂಟದಲ್ಲಿ ಓದುತ್ತೇನೆ.

ಆಗಸ್ಟಿನ ಗಾಳಿ ಎದ್ದಿದೆ. ಗಣಿಯವರು ಚಿನ್ನ ತೆಗೆದು ಸುರಿದ ಸೈನೈಡ್ ಗುಡ್ಡದ ಬಿಳೀ ಪುಡಿ ಕಿಟಕಿಯಲ್ಲಿ ಬಂದು ನಿಮ್ಮ ಕಾಪಿ ಪುಸ್ತಕದ ಮೇಲೆ ಕೂತರೆ ನೀವು ಅದರಲ್ಲೇ ಬೆರಳಿನಿಂದ ಹೆಸರು ಬರೆಯುತ್ತಿದ್ದಿರಿ. ನಾನು ಬೈಯುತ್ತಿದ್ದೆ. ಈಗ ಆ ಶಾಲೆಗೆ ಬೀಗ. 

ನಿನ್ನ ಮಗಳು ಲಿಖಿತ ಎರಡನೇ ಪಿಯುಸಿ ಅಲ್ಲವೇ? ಹಸುಗಳು ಹೇಗಿವೆ?

ಪುಷ್ಪ ಟೀಚರ್


ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ
17 ಆಗಸ್ಟ್ 2024

ಪೂಜ್ಯ ಟೀಚರ್ ಅವರಿಗೆ ಶಶಿರೇಖ ಮಾಡುವ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಎಷ್ಟು ಖುಷಿಯಾಯಿತು ಎಂದು ಬರೆಯಲು ಬರುವುದಿಲ್ಲ. ಪೋಸ್ಟ್‌ಮ್ಯಾನ್ ಡೈರಿಯ ಹತ್ತಿರವೇ ಕೊಟ್ಟ. ಹಾಲು ಹಾಕುವ ಕ್ಯೂನಲ್ಲಿ ನಿಂತೇ ಒಡೆದೆ.

ಟೀಚರ್, ನಮ್ಮ ಹೊಲದ ವಿಷಯ ನಿಮಗೆ ಯಾರು ಹೇಳಿದರು? ನಾನು ಯಾರಿಗೂ ಹೇಳಿರಲಿಲ್ಲ. ನಮ್ಮಪ್ಪ ತೀರಿಕೊಂಡು ಈ ಯುಗಾದಿಗೆ ವರ್ಷವಾಯಿತು. ಅವರು ಗಣಿಯ ಮಿಲ್ಲಿನಲ್ಲಿ ದುಡಿದು ಉಳಿಸಿ ಕೊಂಡ ಮೂರು ಎಕರೆ ಇದೆಯಲ್ಲ, ಅದನ್ನು ನನ್ನ ತಮ್ಮ ವೆಂಕಿ, ಲೇಔಟ್ ಮಾಡುವವರಿಗೆ ಮಾರುವುದಾಗಿ ಮಾತು ಕೊಟ್ಟಿದ್ದಾನೆ. ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಸೆಪ್ಟೆಂಬರ್ ಐದಕ್ಕೆ, ಗೌರಿ ಹಬ್ಬದ ಹಿಂದಿನ ದಿನ. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ. ಅವತ್ತು ಬೆಳಿಗ್ಗೆ ಮನೆಯಲ್ಲಿ ಒಬ್ಬಟ್ಟು ಮಾಡಿ, ಹೆಣ್ಣುಮಗಳಿಗೆ ಅರಿಶಿನ ಕುಂಕುಮ ಸೀರೆ ಕೊಟ್ಟು, ಅದನ್ನೇ ಉಡಿಸಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗುತ್ತಾರೆ. ಲಿಖಿತಳ ಅಪ್ಪ ಹೋಗಿ ಒಂಬತ್ತು ವರ್ಷವಾಯಿತಲ್ಲ, ಅದಕ್ಕೆ ನನಗೆ ಕುಂಕುಮ ಇಲ್ಲವಂತೆ, ಬರೀ ಸೀರೆಯಂತೆ.

ನನ್ನ ಎರಡು ಹಸು ನಿಂತಿರುವುದೇ ಆ ಹೊಲದ ಹುಲ್ಲಿನ ಮೇಲೆ. ಸಹಿ ಹಾಕಿದರೆ ಹಸು ಮಾರಬೇಕು. ಹಸು ಮಾರಿದರೆ ಲಿಖಿತಳ ಓದು ನಿಲ್ಲುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ವೆಂಕಿಗೆ ಹೂಂ ಅಂದಿದ್ದೆ. 

ಅಂಥ ಹೊತ್ತಿಗೆ ನಿಮ್ಮ ಪುಸ್ತಕ ಬಂತು. ಪೂರ್ತಿ ಓದಲು ಪುರುಸೊತ್ತಿಲ್ಲ, ಕೆಂಪು ಗೆರೆಯಿರುವುದನ್ನು ಮಾತ್ರ ಓದಿದೆ. ಪರೀಕ್ಷೆಯ ಹಿಂದಿನ ದಿನ ಗೈಡ್ ಓದುತ್ತಿದ್ದೆವಲ್ಲ, ಹಾಗೆ. 'ತನ್ನ ಪಾಲು ಕೇಳಲು ನಾಚುವವನು ಮುಂದೆ ಕಂಡವರ ಬಾಗಿಲಲ್ಲಿ ನಿಲ್ಲುತ್ತಾನೆ.' ಇದಕ್ಕೆ ನೀವು ಎರಡು ಗೆರೆ ಎಳೆದಿದ್ದೀರಿ. ನೂರಾ ಹನ್ನೆರಡನೇ ಪುಟದಲ್ಲಿ, 'ತ್ಯಾಗವನ್ನು ಹೊಗಳುವವರು ಅದರಿಂದ ಲಾಭ ಪಡೆಯುವವರೇ.' ಇದನ್ನು ಓದಿ ಕೊಟ್ಟಿಗೆಯಲ್ಲಿ ಕೂತು ಅತ್ತೆ. ಬಿಟ್ಟುಕೊಡುವುದನ್ನೇ ಕಲಿಸಿದ ನಮ್ಮ ಟೀಚರೇ ಈಗ ಸಾಕು ಅನ್ನುತ್ತಿದ್ದಾರೆ ಅನಿಸಿತು.

ಮೊನ್ನೆ ವೆಂಕಿಗೆ ಹೇಳಿಬಿಟ್ಟೆ, ಸಹಿ ಹಾಕಲ್ಲ ಅಂತ. "ಏನಕ್ಕಾ, ಯಾರ್ ಯೋಳ್ಕೊಟ್ರು ನಿಂಗೆ?" ಅಂದ. "ನಮ್ ಟೀಚರ್ರು" ಅಂದೆ.

ನಿಮ್ಮ ವಿದ್ಯಾರ್ಥಿನಿ,
ಶಶಿರೇಖ


ಊರಿಗಾಂ
22 ಆಗಸ್ಟ್ 2024

ಶಶಿರೇಖಾ,

ನಿನ್ನ ಕಾಗದ ಓದಿದೆ. ಎಂಥ ಅನಾಹುತ ಮಾಡಿಕೊಂಡೆಯೇ ತಾಯಿ!

ಕೆಂಪು ಗೆರೆ ತಪ್ಪಿಗೆ ಕಣೇ. ಮೂವತ್ತಮೂರು ವರ್ಷ ನಿಮ್ಮೆಲ್ಲರ ಕಾಪಿ ಪುಸ್ತಕ ತಿದ್ದಿದ ಕೈ ಇದು. ತಪ್ಪು ಕಂಡರೆ ಕೆಂಪು ಗೆರೆ, ದೊಡ್ಡ ತಪ್ಪಾದರೆ ಎರಡು. ಆ ಪುಸ್ತಕದಲ್ಲಿ ನನಗೆ ಮೈ ಉರಿಸಿದ ಮಾತುಗಳಿಗೆಲ್ಲ ಗೆರೆ ಎಳೆದು, 'ನೋಡು, ಎಂಥೆಂಥವನ್ನು ಅಚ್ಚು ಹಾಕುತ್ತಾರೆ' ಎಂದು ನಿನಗೆ ಕಳಿಸಿದೆ. ನಿನಗೇಕೆ ಅರ್ಥವಾಗಲಿಲ್ಲ? ನಿನ್ನ ಹೊಲದ ವಿಷಯ ನನಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಿಲ್ಲ.

ಈಗಲೂ ಕಾಲ ಮಿಂಚಿಲ್ಲ. ವೆಂಕಿಯ ಹತ್ತಿರ ಹೋಗಿ, ಸಿಟ್ಟಿನಲ್ಲಿ ಅಂದೆ ಅನ್ನು. ಹೆಣ್ಣುಮಕ್ಕಳಿಗೆ ಹೊಲ ಹೋದರೆ ಹೋಗಲಿ, ತವರು ಉಳಿಯಬೇಕು. ನಾನೂ ಎಂಬತ್ತಾರನೇ ಇಸವಿಯಲ್ಲಿ ಅಣ್ಣನಿಗೆ ಸಹಿ ಹಾಕಿಕೊಟ್ಟವಳೇ. ಆ ದಿನ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಿಳಿಹಸಿರು ಸೀರೆ, ನೇರಳೆ ಅಂಚು. ನಾನು ಊರಿಗಾಂನಲ್ಲಿ ಗಾಡಿ ಹತ್ತಿದೆ. ಬಂಗಾರಪೇಟೆ ಸ್ಟೇಷನ್ನಿಗೆ ಅಣ್ಣನೇ ಬಂದು ನಿಂತಿದ್ದ. ಸಹಿ ಮುಗಿದ ಮೇಲೆ ಚಾಟ್ಸ್ ಅಂಗಡಿಗೆ ಕರೆದುಕೊಂಡು ಹೋಗಿ ಪಾನಿಪೂರಿ ಕೊಡಿಸಿದ. ನಮ್ಮ ಬಂಗಾರಪೇಟೆಯ ಪಾನಿ ಕನ್ನಡಿ ಹಾಗೆ ತಿಳಿಯಾಗಿರುತ್ತದಲ್ಲ, ಬಾಯಿಗೆ ಹಾಕಿಕೊಂಡರೆ ಕಣ್ಣಲ್ಲಿ ನೀರು. ನಾನು ಅಳುತ್ತಿದ್ದೇನೆ ಎಂದುಕೊಂಡು ಅಣ್ಣ ಹೆದರಿದ. ಇಬ್ಬರೂ ನಕ್ಕೆವು. ಆ ಸುಖ ಯಾವ ಹೊಲದಲ್ಲಿ ಬೆಳೆಯುತ್ತದೆ, ಹೇಳು?

ನೀನು ಮೊದಲಿನಿಂದಲೂ ಬಿಟ್ಟುಕೊಡುವ ಹುಡುಗಿ. ತೊಂಬತ್ತೊಂಬತ್ತರಲ್ಲಿ ನಿನಗೆ ಕೋಲಾರದಲ್ಲಿ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಾಗ ನಿಮ್ಮಪ್ಪ ಮುನಿಸ್ವಾಮಪ್ಪನವರು ಬೇಡವೇ ಬೇಡ ಅಂದರು. ನಾನು ನಿಮ್ಮ ಮನೆಗೆ ಬಂದು ಗಂಟೆಗಟ್ಟಲೆ ನಿನ್ನ ಪರವಾಗಿ ವಾದ ಮಾಡಿದೆ, ನಿಮ್ಮಮ್ಮ ಕೊಟ್ಟ ಕಾಫಿ ತಣ್ಣಗಾಯಿತು. ಅವರು ಒಪ್ಪಲಿಲ್ಲ. ಆದರೂ ನೀನು ಒಂದು ಮಾತು ಎದುರಾಡದೆ ತಮ್ಮನಿಗಾಗಿ ಸೀಟು ಬಿಟ್ಟೆ. ಅದನ್ನು ನಾನು ಎಷ್ಟೋ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿದ್ದೇನೆ.

ಆ ಪುಸ್ತಕ ಒಲೆಗೆ ಹಾಕು. ವೆಂಕಿಯ ಜೊತೆ ಮಾತಾಡಿ ಕೂಡಲೇ ಬರಿ.

ಪುಷ್ಪ ಟೀಚರ್


ಊರಿಗಾಂ
31 ಆಗಸ್ಟ್ 2024

ಶಶಿ,

ಒಂಬತ್ತು ದಿನವಾಯಿತು, ನಿನ್ನಿಂದ ಕಾಗದವಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ ಕಂಡರೆ ಬಾಗಿಲಿಗೆ ಓಡುತ್ತಿದ್ದೇನೆ. ಬೈದು ಬರೆದೆ ಎಂದು ಬೇಜಾರಾಯಿತೇ? ಒಂದು ಕಾರ್ಡಾದರೂ ಹಾಕು.

ಪುಷ್ಪ ಟೀಚರ್


ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ
3 ಸೆಪ್ಟೆಂಬರ್ 2024

ಟೀಚರ್,

ಬೇಜಾರಾಯಿತು. ಅದಕ್ಕೇ ಬರೆಯಲಿಲ್ಲ. ಇಷ್ಟು ದಿನ ಪುಸ್ತಕ ಓದುತ್ತಿದ್ದೆ, ಗೆರೆ ಇಲ್ಲದ ಸಾಲುಗಳನ್ನೂ ಬಿಡದೆ. ನೀವು ಅಭಿಪ್ರಾಯ ಕೇಳಿದ್ದಿರಲ್ಲ, ಮೊದಲು ಅದನ್ನು ಬರೆಯುತ್ತೇನೆ.

ಈ ಮನುಷ್ಯ ಮುನ್ನೂರು ಪುಟದಲ್ಲಿ ಎಲ್ಲೂ ಊಟ ಮಾಡುವುದಿಲ್ಲ. ಊಟ ಮಾಡಿದರೆ ಯಾರು ಬೇಯಿಸಿದರು ಅಂತ ಬರೆಯಬೇಕಾಗುತ್ತದಲ್ಲ, ಅದಕ್ಕೇ ಇರಬೇಕು. ಅವನಿಗೆ ಒಂದು ಸಲವೂ ಜ್ವರ ಬರುವುದಿಲ್ಲ. ಕಾಯಿಲೆಯವರ ಪಕ್ಕ ಕೂರುವವನು ದಡ್ಡ ಅಂತ ಬರೆದಿದ್ದಾನೆ. ಲಿಖಿತಳ ಅಪ್ಪನ ಪಕ್ಕ ನಾನು ಏಳು ತಿಂಗಳು ಕೂತೆ. ಬೇಕಾದರೆ ಇನ್ನೂ ಏಳು ತಿಂಗಳು ಕೂರುತ್ತಿದ್ದೆ. ಆ ಪುಟಕ್ಕೆ ನಾನೇ ಲಿಖಿತಳ ಪೆನ್ನು ತೆಗೆದುಕೊಂಡು ಅಡ್ಡಗೆರೆ ಹೊಡೆದೆ. ನೀವು ಅವನನ್ನು ಬೈಯುವುದು ಸರಿ. ಆದರೆ ನಿನ್ನ ಪಾಲು ಕೇಳು ಅಂತ ನನ್ನ ಇಷ್ಟು ಆಯಸ್ಸಿನಲ್ಲಿ ಹೇಳಿದವನು ಅವನೊಬ್ಬನೇ. ಆ ಮಾತಿಗೆ ನೀವು ಎರಡು ಕೆಂಪು ಗೆರೆ ಎಳೆದಿರಿ.

ತೊಂಬತ್ತೊಂಬತ್ತರ ಮಾತು ಬರೆದಿದ್ದೀರಿ. ಅದು ನನಗೂ ನೆನಪಿದೆ. ನೀವು ಕಾಫಿ ಕುಡಿದಿರಿ ಟೀಚರ್. ತಣ್ಣಗಾಗಲಿಲ್ಲ. ನಮ್ಮಪ್ಪ, "ಗಣೀನಾಗೆ ಸಂಬ್ಳ ಸರ್ಯಾಗ್ ಬತ್ತಿಲ್ಲ, ಇಬ್ರುನ್ನೂ ಓದ್ಸಕಾಗಲ್ಲ ಟೀಚರಮ್ಮ, ನೀವೇ ಯೋಳಿ" ಅಂದರು. ನೀವು ಹೊರಗೆ ಬಂದು, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ನನ್ನ ತಲೆಯ ಮೇಲೆ ಕೈಯಿಟ್ಟು, "ನೀನು ದೊಡ್ಡವಳಲ್ವಾ, ತಮ್ಮನಿಗೆ ಬಿಟ್ಟುಕೊಡು. ನಿನಗೆ ಒಳ್ಳೆಯದಾಗುತ್ತೆ" ಅಂದಿರಿ. ಅಪ್ಪನ ಮಾತಾಗಿದ್ದರೆ ನಾನು ಹಟ ಹಿಡಿಯುತ್ತಿದ್ದೆ. ನೀವು ಅಂದಿರಿ ಅಂತ ಬಿಟ್ಟೆ. ವೆಂಕಿ ಹತ್ತನೇ ಕ್ಲಾಸು ದಾಟಲಿಲ್ಲ, ಅದು ನಿಮಗೂ ಗೊತ್ತು.

ಈ ಪುಸ್ತಕ ಬಂದಾಗ, ಇಪ್ಪತ್ತೈದು ವರ್ಷದ ಮೇಲೆ ನಮ್ಮ ಟೀಚರ್ ಆ ಮಾತನ್ನು ವಾಪಸ್ಸು ತೆಗೆದುಕೊಂಡರು ಅಂದುಕೊಂಡೆ. ಅದಕ್ಕೇ ಕೊಟ್ಟಿಗೆಯಲ್ಲಿ ಅತ್ತದ್ದು.

ವೆಂಕಿ ಸೀರೆ ತಂದಿಟ್ಟಿದ್ದಾನೆ. ಅಮ್ಮ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ. "ನಾಳೆ ನಿಂಗೊಂದ್ ಕಷ್ಟ ಅಂದ್ರೆ ತಮ್ಮುನ್ ಬಾಗ್ಲು ಬೇಕಲ್ಲೇ" ಅಂದದ್ದೇ ಕೊನೆ. ನಾಡಿದ್ದು ನಾನು ಆಫೀಸಿಗೆ ಹೋಗುವುದಿಲ್ಲ. ಇದು ಪುಸ್ತಕದವನು ಹೇಳಿದ್ದಕ್ಕಲ್ಲ, ನೀವು ಸಹಿ ಹಾಕು ಅಂದಿರಿ ಅನ್ನುವ ಹಟಕ್ಕೂ ಅಲ್ಲ.

ಒಂದೇ ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಪಾನಿಪೂರಿ ಕೊಡಿಸಿದ ನಿಮ್ಮ ಅಣ್ಣ ನಿಮ್ಮ ಮನೆಗೆ ಕೊನೆಯ ಸಲ ಬಂದದ್ದು ಯಾವಾಗ?

ಶಶಿರೇಖ


ಊರಿಗಾಂ
9 ಸೆಪ್ಟೆಂಬರ್ 2024

ಮಗಳೇ ಶಶಿ,

ನಿನ್ನ ಕಾಗದ ಗೌರಿ ಹಬ್ಬದ ದಿನವೇ ಬಂತು. ಎರಡು ದಿನ ಉತ್ತರ ಬರೆಯಲು ಕೂತು ಎದ್ದೆ. ನಿನ್ನ ಮೇಲೆ ಸಿಟ್ಟೂ ಬಂತು. ಆ ಸಿಟ್ಟು ಯಾಕೆ ಬಂತೆಂದು ನನಗೇ ಗೊತ್ತಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮವರು ತೀರಿಕೊಂಡ ಮೇಲೆ ಅಣ್ಣ ಎರಡು ಹಬ್ಬಕ್ಕೆ ಕರೆದ. ಆಮೇಲೆ ಹದಿಮೂರು ವರ್ಷವಾಯಿತು, ಅವನೂ ಬಂದಿಲ್ಲ, ಕರೆದೂ ಇಲ್ಲ. ಅವನ ಮೊಮ್ಮಗಳ ನಾಮಕರಣದ ಸುದ್ದಿ ತರಕಾರಿ ಅಂಗಡಿಯಲ್ಲಿ ತಿಳಿಯಿತು. ನಾನಿರುವ ಈ ಕಂಪನಿ ಮನೆ ನನ್ನದಲ್ಲ. ಖಾಲಿ ಮಾಡಿ ಅಂದರೆ ಎಲ್ಲಿಗೆ ಹೋಗುತ್ತೇನೋ ಗೊತ್ತಿಲ್ಲ. ಕೂಟದವರ ಹತ್ತಿರ ಮಾತ್ರ "ನಮ್ಮಣ್ಣ ಇದಾನೆ" ಅನ್ನುತ್ತೇನೆ.

ಆ ದಿನ ಪಾನಿಪೂರಿ ತಿಂದಾಗ ಕಣ್ಣಲ್ಲಿ ಬಂದದ್ದು ಖಾರಕ್ಕಲ್ಲ ಕಣೇ. ಪತ್ರ ಬರಹಗಾರ ಎಲ್ಲಿ ಬೆರಳಿಟ್ಟನೋ ಅಲ್ಲಿ ಸಹಿ ಹಾಕಿದ್ದೆ. ಅಕ್ಷರ ಕಲಿಸುವ ನಾನು ಒಂದು ಸಾಲೂ ಓದಲಿಲ್ಲ. ಓದಿದರೆ ಅಣ್ಣನಿಗೆ ಬೇಜಾರಾಗುತ್ತದೆ ಎಂದು. ಮೂವತ್ತೆಂಟು ವರ್ಷ ಅದನ್ನೇ ಸವಿ ಸವಿಯಾಗಿ ಹೇಳಿಕೊಂಡು ಬಂದೆ. ಹಾಗೆ ಹೇಳದಿದ್ದರೆ ಬದುಕುವುದು ಕಷ್ಟವಿತ್ತು.

ನಲ್ಲಿಯ ಹತ್ತಿರ ನಾನು ಅಂದದ್ದೂ ನಿಜ. ನೀನು ಬರೆದ ಮೇಲೆ ನಿನ್ನ ಕೈಯಲ್ಲಿದ್ದ ಬಿಂದಿಗೆಯೂ ಕಂಡಿತು. ನನಗೆ ನಾನು ಹೇಳಿಕೊಂಡ ಸಮಾಧಾನವನ್ನೇ ಹತ್ತೊಂಬತ್ತು ವರ್ಷದ ನಿನಗೂ ಕೊಟ್ಟೆ. ನೀನು ಟೀಚರ್ ಆಗಬೇಕಿತ್ತು. ನಾನು ತಪ್ಪು ಮಾಡಿದೆ ಶಶಿ. ನೂರಾರು ಮಕ್ಕಳನ್ನು ತಿದ್ದಿದೆ, ನಿನ್ನ ವಿಷಯದಲ್ಲಿ ನಾನೇ ತಪ್ಪಿದೆ. ಕ್ಷಮಿಸು ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ.

ಐದನೇ ತಾರೀಕು ಏನಾಯಿತು? ನಿನಗೆ ಯಾವಾಗ ಮನಸ್ಸಾಗುತ್ತದೋ ಆಗ ಬರಿ. ನಾನು ಕಾಯುತ್ತೇನೆ.

ಪುಷ್ಪ


ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ
29 ಸೆಪ್ಟೆಂಬರ್ 2024

ಪ್ರೀತಿಯ ಟೀಚರ್,

ನಿಮ್ಮ ಕಾಗದವನ್ನು ನಾನು ಓದಿ, ಲಿಖಿತಳಿಗೂ ಓದಲು ಕೊಟ್ಟೆ. "ಟೀಚರ್ ಅಜ್ಜಿ ಪಾಪ ಅಮ್ಮಾ" ಅಂದಳು. ನನಗೂ ಹಾಗೇ ಅನಿಸಿತು. ನಿಮ್ಮ ಮೇಲೆ ಸಿಟ್ಟು ಉಳಿದಿಲ್ಲ. ಸ್ವಲ್ಪ ಉಳಿದಿದ್ದರೂ ಅದು ತಾನಾಗಿ ಹೋಗುತ್ತದೆ.

ಐದನೇ ತಾರೀಕು ವೆಂಕಿ ಮಧ್ಯಾಹ್ನದವರೆಗೆ ಆಫೀಸಿನ ಮುಂದೆ ಕಾದು ಬಂದ. ಸೀರೆಯನ್ನು ಕೊಟ್ಟಿಗೆಗೆ ಎಸೆದ. "ಪುಸ್ತಕ ಓದ್ಕಂಡು ಒಡಹುಟ್ದೋನ್ನ ಕೋರ್ಟಿಗ್ ಎಳೀತೀಯಾ?" ಅಂತ ಬೀದಿಗೆ ಕೇಳುವ ಹಾಗೆ ಕೂಗಿದ. ನಾನು ಕೋರ್ಟಿನ ಹೆಸರೇ ಎತ್ತಿರಲಿಲ್ಲ. ಹತ್ತು ದಿನ ಹೀಗೇ ನಡೆಯಿತು. ಕೊನೆಗೆ ಊರ ಹಿರಿಯರನ್ನು ಸೇರಿಸಿದ. ಎಲ್ಲರೂ ಅವನ ಕಡೆಯೇ ಮಾತಾಡಿದರು. ಬಾಗಿಲಲ್ಲಿ ಕೂತಿದ್ದ ಅಮ್ಮ ಇದ್ದಕ್ಕಿದ್ದ ಹಾಗೆ, "ಕಾಲ್ನೋವು ಬಂದ್ರೆ ನಂಗೆ ಎಣ್ಣೆ ತಿಕ್ಕೋಳು ಅವ್ಳು. ಅವುಳ್ನ ಎಲ್ಲಿಗ್ ಕಳಿಸ್ತೀರಾ? ಒಂದ್ ಎಕ್ರೆ ಕೊಟ್ಬಿಡ್ಲಾ ವೆಂಕಿ" ಅಂದಳು. ನಮ್ಮಮ್ಮ ನರಸಮ್ಮ ಗಂಡಸರ ಪಂಚಾಯಿತಿಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಹಿರಿಯರು ಅಲ್ಲೇ ಒಂದು ಎಕರೆಗೆ ತೀರ್ಮಾನ ಮಾಡಿದರು.

ನನಗೆ ಬಂದಿರುವುದು ಬಂಡೆಯ ಕಡೆಯ ಎಕರೆ. ಬೋರ್‌ವೆಲ್ ವೆಂಕಿಯ ಕಡೆಗೆ ಹೋಯಿತು. ಆದರೂ ಹುಲ್ಲು ಬೆಳೆಯುತ್ತದೆ, ಹಸು ಉಳಿಯುತ್ತವೆ. ವೆಂಕಿ ನನ್ನ ಜೊತೆ ಮಾತಾಡುತ್ತಿಲ್ಲ. ಅವನು ಚಿಕ್ಕವನಿದ್ದಾಗ ನಾನು ಸೊಂಟದ ಮೇಲೆ ಕೂರಿಸಿಕೊಂಡು ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಎಂಜಿನ್ ತಿರುಗಿಸುವುದನ್ನು ತೋರಿಸುತ್ತಿದ್ದೆ. ಈಗ ಎದುರಿಗೇ ಬಂದು ಮುಖ ತಿರುಗಿಸಿಕೊಂಡು ಹೋದರೆ, ಮರೆಯಾಗುವವರೆಗೂ ಅವನ ಬೆನ್ನನ್ನೇ ನೋಡುತ್ತೇನೆ. ಇದನ್ನು ಆ ಪುಸ್ತಕದವನು ಎಲ್ಲೂ ಬರೆದಿಲ್ಲ.

ಈಗ ಕಷ್ಟವೊಂದು ಬಂದಿದೆ. ಅಕ್ಟೋಬರ್ ಇಪ್ಪತ್ತೊಂದು, ಸೋಮವಾರ, ವಿಭಾಗ ಪತ್ರದ ನೋಂದಣಿ. ಇಬ್ಬರು ಸಾಕ್ಷಿ ಬೇಕು. ವೆಂಕಿ, "ಪಾಲು ಬೇಕಾದೋಳು ಅವ್ಳು, ಸಾಕ್ಷೀನೂ ಅವ್ಳೇ ತರ್ಲಿ" ಅಂದುಬಿಟ್ಟ. ಊರಲ್ಲಿ ಹನ್ನೊಂದು ಮನೆಗೆ ಹೋದೆ. ಒಬ್ಬರೂ ಬರುವುದಿಲ್ಲ ಅನ್ನಲಿಲ್ಲ, ಒಬ್ಬರೂ ಬರುತ್ತೇನೆ ಅಂತಲೂ ಅನ್ನಲಿಲ್ಲ. ಎಲ್ಲರ ಮನೆಯಲ್ಲೂ ಅಕ್ಕತಂಗಿಯರಿದ್ದಾರೆ ಟೀಚರ್. ಇವತ್ತು ನನಗೆ ಸಾಕ್ಷಿ ಹಾಕಿದರೆ ನಾಳೆ ಅವರು ಬಂದು ಕೇಳುತ್ತಾರೆ ಅನ್ನುವ ಭಯ. ಆ ದಿನ ಸಾಕ್ಷಿ ಇಲ್ಲದೆ ಹೋದರೆ ವೆಂಕಿ ಮತ್ತೆ ಆಫೀಸಿಗೆ ಬರುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ನೀವು ಬರುತ್ತೀರಾ?

ಶಶಿರೇಖ


ಊರಿಗಾಂ
6 ಅಕ್ಟೋಬರ್ 2024

ಶಶೀ,

ಇವತ್ತು ಕೂಟದಲ್ಲಿ ನಿನ್ನ ಅಭಿಪ್ರಾಯ ಓದಿದೆ. ಊಟ ಮಾಡದ ಮನುಷ್ಯನ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುಮಿತಾ ಮಾತ್ರ ನಗಲಿಲ್ಲ. ಹೋಗುವಾಗ ಹತ್ತಿರ ಬಂದು, ಸಾಕ್ಷಿಗೆ ಬೇಕಾಗುವ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆದುಕೊಡುತ್ತೇನೆ, ಕಾಸು ಬೇಡ ಅಂದಳು.

ಮೊದಲ ಸಾಕ್ಷಿ ನಾನೇ, ಎರಡನೇ ಸಾಕ್ಷಿಗೆ ಕೋದಂಡಪ್ಪನವರನ್ನು ಕೇಳಿದೆ. ಸಂತೋಷವಾಗಿ ಒಪ್ಪುತ್ತಾರೆ ಅಂದುಕೊಂಡಿದ್ದೆ. ಅವರು ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಸರಿದರು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, "ನಮ್ಮಕ್ಕನ್ ಕೈಲಿ ನಾನೂ ಸೈನ್ ಹಾಕಿಸ್ಕಂಡೋನೇ ಕಣಮ್ಮ. ಗಣೀನಾಗೆ ಸಾವ್ರ ಜನುನ್ನ ಇಳ್ಸಿ ಹತ್ಸಿದೀನಿ, ಒಬ್ರುಗೂ ಒಂದ್ ಗಾಯ ಮಾಡಿಲ್ಲ ಅಂತ ಯೋಳ್ಕಂಡ್ ತಿರುಗ್ತೀನಿ. ನಮ್ಮಕ್ಕ ಹೆಂಗವ್ಳೆ ಅಂತ ನೋಡಕ್ ಓಗಿಲ್ಲ" ಅಂದರು. ಮತ್ತೆ ಏನೂ ಕೇಳಬೇಡಿ ಅನ್ನುವ ಹಾಗೆ ಎದ್ದು ನಿಂತು, "ಬತ್ತೀನಿ, ಯಾವ್ ಗಾಡಿ?" ಅಂದರು.

ಬೆಳಗಿನ ಗಾಡಿಗೆ ಬರುತ್ತೇವೆ. ನೀನು ಸ್ಟೇಷನ್ನಿಗೆ ಬರಬೇಡ, ಹಾಲು ಹಾಕಿ, ಹಸುಗಳಿಗೆ ಹುಲ್ಲು ಹಾಕಿ, ಹೊಟ್ಟೆಗೆ ಏನಾದರೂ ತಿಂದು ನೇರವಾಗಿ ಆಫೀಸಿಗೆ ಹೋಗು. ಲಿಖಿತಳನ್ನೂ ಕರೆದುಕೊಂಡು ಬಾ, ಅವಳು ನೋಡಲಿ.

ಅಲ್ಲಿ ಎಲ್ಲರೂ ಆತುರ ಮಾಡುತ್ತಾರೆ. ಹಿಂದೆ ಕ್ಯೂ ಇದೆ ಅನ್ನುತ್ತಾರೆ, ಸಾಹೇಬರು ಊಟಕ್ಕೆ ಏಳುತ್ತಾರೆ ಅನ್ನುತ್ತಾರೆ. ತಮ್ಮ ಮುಖ ಊದಿಸಿಕೊಂಡು ನಿಂತಿರುತ್ತಾನೆ, ಅವನನ್ನು ನೋಡಿದರೆ ನಿನಗೆ ಬಿಟ್ಟುಕೊಡೋಣ ಅನಿಸುತ್ತದೆ. ನನಗೆ ಅದೆಲ್ಲ ಗೊತ್ತು. ಎಂಬತ್ತಾರರಲ್ಲಿ ಆ ಆಫೀಸಿನಲ್ಲಿ ನನ್ನ ಕಡೆಗೆ ಯಾರೂ ಇರಲಿಲ್ಲ, ನಾನು ಒಬ್ಬಳೇ ಕೂತಿದ್ದೆ.

ಪತ್ರದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದುತ್ತೇನೆ, ನೀನು ಕೇಳು. ನಾನು ಬಂದು ಪಕ್ಕದಲ್ಲಿ ಕೂರುವವರೆಗೂ ಪೆನ್ನು ಮುಟ್ಟಬೇಡ.

ನಿನ್ನ,
ಪುಷ್ಪ